ಓದುಗರ ಪ್ರಶ್ನೆ, ನಮ್ಮ ಉತ್ತರ: ಖಾಲಿ ಸಮಾಧಿ, ಕಂಸದೊಳಗಿನ ವಚನಗಳು ಮತ್ತು ‘ಲಿಬರಲ್’ ಬೋಧನೆ

ಲಿಬರಲ್ ದೈವಶಾಸ್ತ್ರದ ಬಗ್ಗೆ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಪ್ರಶ್ನೆಗಳನ್ನು ಚಿಕ್ಕದು ಮಾಡಿದ್ದೇವೆ, ಹೆಸರು ಬಿಟ್ಟಿದ್ದೇವೆ.

ಈಸ್ಟರ್ ಆರಾಧನೆಗೆ ಬಂದಿದ್ದ ಅತಿಥಿ ಬೋಧಕರು, “ಪುನರುತ್ಥಾನ ಅಂದರೆ ಸಮಾಧಿ ಖಾಲಿಯಾಯಿತು ಅಂತಲ್ಲ, ಶಿಷ್ಯರ ಎದೆಯಲ್ಲಿ ಭರವಸೆ ಎದ್ದು ನಿಂತಿತು ಅಂತ” ಎಂದರು. ನಮ್ಮ ಹಿರಿಯರೊಬ್ಬರು “ಇದು ಲಿಬರಲ್” ಎಂದು ಸಿಟ್ಟಾಗಿ ಎದ್ದು ಹೋದರು. ನಮ್ಮ ಗೆಳೆಯರಿಗೆ ಬೋಧನೆ ಬಹಳ ಹಿಡಿಸಿತು. ಲಿಬರಲ್ ಅಂದರೆ ನಿಜಕ್ಕೂ ಏನು?
— ಯುವಜನ ಸಂಘದ ಸದಸ್ಯ, ರಾಯಚೂರು

ಗಿಟಾರ್ ಹಿಡಿದು ಹಾಡಿಸುವವರು, ಹೆಣ್ಣುಮಕ್ಕಳಿಗೆ ವೇದಿಕೆ ಬಿಟ್ಟುಕೊಡುವವರು, ಉಪವಾಸದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿಲ್ಲದವರು, ಇವರೆಲ್ಲರಿಗೂ ನಮ್ಮ ಕಡೆ ‘ಲಿಬರಲ್’ ಎಂಬ ಹಣೆಪಟ್ಟಿ ಅಂಟಿಸುವುದುಂಟು. ದೈವಶಾಸ್ತ್ರದಲ್ಲಿ ಅದರ ಅರ್ಥ ಬೇರೆ, ಅದಕ್ಕೆ ಇನ್ನೂರು ವರ್ಷ ದಾಟಿದ ಚರಿತ್ರೆ ಇದೆ.

18ನೇ ಶತಮಾನದ ಕೊನೆಗೆ ಜರ್ಮನಿಯ ಓದಿದ ಮಂದಿಗೆ ಕ್ರೈಸ್ತ ವಿಶ್ವಾಸ ನಗೆಪಾಟಲಾಗಿತ್ತು. ಅವರನ್ನು ಉಳಿಸಿಕೊಳ್ಳಬೇಕೆಂದು ಶ್ಲಾಯರ್‌ಮಾಖರ್ ಎಂಬ ಬೋಧಕ 1799ರಲ್ಲಿ ಒಂದು ವಾದ ಮುಂದಿಟ್ಟ: ಧರ್ಮದ ತಿರುಳು ಸಿದ್ಧಾಂತದಲ್ಲೂ ಇಲ್ಲ, ಅದ್ಭುತಗಳಲ್ಲೂ ಇಲ್ಲ, ಮನುಷ್ಯನ ಒಳಗಿನ ಅನುಭವದಲ್ಲಿದೆ. ನಾವು ಪೂರ್ತಿಯಾಗಿ ಇನ್ನೊಬ್ಬನ ಆಸರೆಯಲ್ಲಿದ್ದೇವೆ ಎಂಬ ಭಾವವೇ ಧರ್ಮ ಎಂದು ಆಮೇಲಿನ ಬರಹದಲ್ಲಿ ಹೇಳಿದ. ಅವನ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೆ ನ್ಯಾಯಪೀಠದಲ್ಲಿ ಕೂತವರು ಅಲ್ಲಿಗೆ ಬದಲಾದರು. ಅಲ್ಲಿಯತನಕ “ದೇವರು ಏನು ಪ್ರಕಟಿಸಿದ್ದಾನೆ?” ಎಂಬುದು ಪ್ರಶ್ನೆಯಾಗಿತ್ತು. ಅಲ್ಲಿಂದಾಚೆಗೆ “ಇಂದಿನ ಮನುಷ್ಯನ ಅನುಭವಕ್ಕೆ, ಬುದ್ಧಿಗೆ ಯಾವುದು ಒಪ್ಪಿಗೆಯಾಗುತ್ತದೆ?” ಎಂಬುದು ಪ್ರಶ್ನೆಯಾಯಿತು. ನೂರು ವರ್ಷದ ಮೇಲೆ ಬರ್ಲಿನ್ನಿನ ಚರಿತ್ರೆಕಾರ ಹಾರ್ನಾಕ್ 1899–1900ರ ಉಪನ್ಯಾಸಗಳಲ್ಲಿ ಅದನ್ನು ತುದಿ ಮುಟ್ಟಿಸಿದ. ದೇವರು ತಂದೆ, ಮನುಷ್ಯನ ಆತ್ಮಕ್ಕೆ ಬೆಲೆ ಕಟ್ಟಲಾಗದು, ಪ್ರೀತಿಯೇ ನೀತಿ: ಇಷ್ಟು ಕಾಳು, ಉಳಿದದ್ದು ಹೊಟ್ಟು. ಯೇಸು ಸಾರಿದ ಸುವಾರ್ತೆಯಲ್ಲಿ ತಂದೆಗಷ್ಟೇ ಜಾಗ, ಮಗನಿಗಿಲ್ಲ ಎಂಬಲ್ಲಿಗೆ ಅವನ ಮಾತು ಬಂದು ನಿಂತಿತು.

ಲಿಬರಲ್ ಬೋಧನೆಯನ್ನು ಗುರುತಿಸುವುದು ಕಷ್ಟವಾಗುವುದು ಇದಕ್ಕೇ: ಅದು ಹಳೆಯ ಪದಗಳನ್ನು ಬಿಡುವುದಿಲ್ಲ. ‘ದೈವಪ್ರೇರಿತ’ ಎನ್ನುತ್ತದೆ, ಕವಿಗೆ ಸ್ಫೂರ್ತಿ ಬಂದ ಹಾಗೆ ಎಂಬ ಅರ್ಥದಲ್ಲಿ. ‘ಶಿಲುಬೆಯಿಂದ ರಕ್ಷಣೆ’ ಎನ್ನುತ್ತದೆ, ಆ ತ್ಯಾಗ ಕಂಡು ನಮ್ಮ ಮನಸ್ಸು ಕರಗುತ್ತದೆ ಎಂಬ ಅರ್ಥದಲ್ಲಿ. ನಮ್ಮ ಪಾಪದ ಶಿಕ್ಷೆಯನ್ನು ಆತ ಹೊತ್ತ ಎಂಬ ಮಾತನ್ನು ಸದ್ದಿಲ್ಲದೆ ದಾಟಿ ಹೋಗುತ್ತದೆ. ‘ಪುನರುತ್ಥಾನ’ದ ಗತಿಯನ್ನು ನೀವೇ ಕೇಳಿದ್ದೀರಿ. ಆದ್ದರಿಂದ ಬೋಧಕರ ಹತ್ತಿರ ಹೋಗಿ “ನೀವು ಪುನರುತ್ಥಾನ ನಂಬುತ್ತೀರಾ?” ಎಂದು ಕೇಳಿ ಪ್ರಯೋಜನವಿಲ್ಲ. “ನಂಬುತ್ತೇನೆ” ಎನ್ನುತ್ತಾರೆ, ಅವರ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ. “ನೀವು ಲಿಬರಲ್ಲಾ?” ಎಂದರೆ ಜಗಳವಾಗುತ್ತದೆ, ಉತ್ತರ ಸಿಗುವುದಿಲ್ಲ. ಕೇಳಬೇಕಾದ್ದು ಇದು: “ಅಯ್ಯನವರೇ, ಆ ಭಾನುವಾರ ಬೆಳಗ್ಗೆ ಸಮಾಧಿಯೊಳಗೆ ಯೇಸುಸ್ವಾಮಿಯ ದೇಹ ಇತ್ತೋ, ಇರಲಿಲ್ಲವೋ?” ಇದಕ್ಕೆ ಇತ್ತು, ಇರಲಿಲ್ಲ ಎಂಬ ಎರಡೇ ಉತ್ತರ. ಗೌರವದಿಂದ ಕೇಳಿ, ಆರಾಧನೆ ಮುಗಿದ ಮೇಲೆ ಕೇಳಿ, ಹತ್ತು ಜನರ ಎದುರು ಕೇಳಬೇಡಿ.

ಗೆಳೆಯರ ಜೊತೆ ಕೂತು ಓದುವುದಾದರೆ 1 ಕೊರಿಂಥ 15ನ್ನು 1ರಿಂದ 20ನೇ ವಚನದವರೆಗೆ ಗಟ್ಟಿಯಾಗಿ ಓದಿ. 5ರಿಂದ 8ನೇ ವಚನಗಳಲ್ಲಿ ಎದ್ದ ಯೇಸುವನ್ನು ಕಂಡವರನ್ನು ಒಂದು ಹಾಳೆಯಲ್ಲಿ ಬರೆಯಿರಿ: ಕೇಫ (ಅಂದರೆ ಪೇತ್ರ), ಹನ್ನೆರಡು ಮಂದಿ, ಒಂದೇ ಸಮಯದಲ್ಲಿ ಐನೂರಕ್ಕೂ ಹೆಚ್ಚು ಸಹೋದರರು, ಯಾಕೋಬ, ಅಪೊಸ್ತಲರೆಲ್ಲರು, ಕೊನೆಗೆ ಪೌಲ. ಆ ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದು ಪೌಲ ಸೇರಿಸುತ್ತಾನೆ, ಅಂದರೆ ಬೇಕಾದರೆ ಹೋಗಿ ವಿಚಾರಿಸಿ ಎಂದ ಹಾಗೆ. ಎದೆಯಲ್ಲಿ ಎದ್ದ ಭರವಸೆಗೆ ಇಂಥ ಸಾಕ್ಷಿಪಟ್ಟಿ ಯಾರೂ ಕೊಡುವುದಿಲ್ಲ. ಪತ್ರ ಬರೆದದ್ದು ಶಿಲುಬೆಯಾಗಿ ಸುಮಾರು 25 ವರ್ಷಕ್ಕೆ. ತಾನು ಇತರರಿಂದ ಪಡೆದದ್ದನ್ನೇ ಒಪ್ಪಿಸುತ್ತಿದ್ದೇನೆ ಎಂದು 3ನೇ ವಚನದಲ್ಲಿ ಹೇಳುವುದರಿಂದ ಪಟ್ಟಿ ಪತ್ರಕ್ಕಿಂತ ಹಳೆಯದು, ವಿಶ್ವಾಸವಿಲ್ಲದ ವಿದ್ವಾಂಸರಲ್ಲೂ ಬಹಳ ಮಂದಿ ಇದನ್ನು ಒಪ್ಪುತ್ತಾರೆ. 14ನೇ ವಚನಕ್ಕೆ ಬಂದಾಗ ಓದುವುದನ್ನು ಒಂದು ಗಳಿಗೆ ನಿಲ್ಲಿಸಿ. ಕ್ರಿಸ್ತ ಎದ್ದುಬರದಿದ್ದರೆ ತನ್ನ ಬೋಧನೆಯೂ ದಂಡ, ನಿಮ್ಮ ನಂಬಿಕೆಯೂ ದಂಡ ಎಂದು ಪೌಲ ತನ್ನ ಕೈಯಾರೆ ಎಲ್ಲವನ್ನೂ ಪಣಕ್ಕಿಡುತ್ತಾನೆ.

ಬೋಧಕರು ಹೇಳಿದ ಭರವಸೆಯೂ ನಿಜವೇ. ಓಡಿಹೋಗಿದ್ದವರು ಧೈರ್ಯವಾಗಿ ತಿರುಗಿ ಬಂದರು. ಆದರೆ ಅದು ಪರಿಣಾಮ. ಪರಿಣಾಮವನ್ನೇ ಕಾರಣದ ಜಾಗದಲ್ಲಿ ಕೂರಿಸಿದಲ್ಲಿ ಎಡವಟ್ಟಾಗಿದೆ.

ನಾಲ್ಕು ಸುವಾರ್ತೆಗಳಲ್ಲಿ ಸಮಾಧಿಯ ವೃತ್ತಾಂತ ಒಂದರಂತೆ ಒಂದಿಲ್ಲವಲ್ಲ? ಹಾಗಿದ್ದ ಮೇಲೆ ನಂಬುವುದು ಹೇಗೆ?
— ಓದುಗರು, ಕಾರಟಗಿ

ಒಂದರಂತೆ ಒಂದಿಲ್ಲ, ನಿಜ. ಮತ್ತಾಯನಲ್ಲಿ ಇಬ್ಬರು ಮರಿಯರು, ಮಾರ್ಕನಲ್ಲಿ ಸಲೋಮೆ ಸೇರಿ ಮೂವರು, ಲೂಕನಲ್ಲಿ ಯೊಹಾನಳೂ ಬೇರೆ ಕೆಲವರೂ, ಯೋಹಾನನಲ್ಲಿ ಮಗ್ದಲದ ಮರಿಯಳ ಹೆಸರೊಂದೇ. ಆದರೆ ಅಲ್ಲೇ ಯೋಹಾನ 20:2ರಲ್ಲಿ ಅವಳು “ನಮಗೆ ತಿಳಿಯದು” ಎಂದು ಬಹುವಚನದಲ್ಲಿ ಮಾತಾಡುತ್ತಾಳೆ, ಗಮನಿಸಿ. ದೂತರು ಮತ್ತಾಯ, ಮಾರ್ಕರಲ್ಲಿ ಒಬ್ಬ, ಲೂಕ, ಯೋಹಾನರಲ್ಲಿ ಇಬ್ಬರು. ವಾರದ ಮೊದಲ ದಿನ, ಬೆಳಗಿನ ಜಾವ, ಕಲ್ಲು ಸರಿದಿತ್ತು, ದೇಹ ಇರಲಿಲ್ಲ, ಮಗ್ದಲದ ಮರಿಯ ಅಲ್ಲಿದ್ದಳು: ಇದರಲ್ಲಿ ನಾಲ್ವರೂ ಒಂದು. ಯಾವ ಕೋರ್ಟಿನಲ್ಲಾದರೂ ನಾಲ್ಕು ಸಾಕ್ಷಿಗಳು ಅಕ್ಷರ ಬಿಡದೆ ಒಂದೇ ಮಾತು ಒಪ್ಪಿಸಿದರೆ ವಕೀಲರಿಗೆ ಅನುಮಾನ ಬರುವುದು ಆಗಲೇ.

ಸಂಡೆಸ್ಕೂಲಿನ ಹುಡುಗಿಯೊಬ್ಬಳು ಮಾರ್ಕ 16:9–20 ಕಂಸದೊಳಗೆ ಯಾಕಿದೆ ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಇದೂ ಲಿಬರಲ್‌ಗಳು ಮಾಡಿದ ಕೆಲಸವೇ?
— ಸಂಡೆಸ್ಕೂಲ್ ಶಿಕ್ಷಕಿ, ದೇವದುರ್ಗ

ಅಲ್ಲ. ಹಳೆಯ ಹಸ್ತಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ಮೂಲಪಾಠ ಯಾವುದೆಂದು ನೋಡುವುದು ಪಾಠಪರಿಷ್ಕರಣೆ. ಪಂಪನ ಕಾವ್ಯಕ್ಕೂ ವಚನಗಳಿಗೂ ನಮ್ಮ ಕನ್ನಡ ಪಂಡಿತರು ಮಾಡಿದ ಕೆಲಸವೇ ಅದು. ಸಂಪ್ರದಾಯಸ್ಥ ವಿದ್ವಾಂಸರೂ ಮಾಡುತ್ತಾರೆ, ಮಾಡಲೇಬೇಕು.

ವಿಷಯ ಇಷ್ಟು. 4ನೇ ಶತಮಾನದ ಎರಡು ಮುಖ್ಯ ಗ್ರೀಕ್ ಪ್ರತಿಗಳಾದ ವ್ಯಾಟಿಕಾನಸ್ ಮತ್ತು ಸಿನೈಟಿಕಸ್‌ಗಳಲ್ಲಿ ಮಾರ್ಕನ ಸುವಾರ್ತೆ 16:8ಕ್ಕೆ, ಹೆಂಗಸರು ಹೆದರಿ ಓಡಿದಲ್ಲಿಗೆ, ಮುಗಿಯುತ್ತದೆ. ಮುಂದಿನ 12 ವಚನ ಅವುಗಳಲ್ಲಿಲ್ಲ. ಹಾಗಂತ ಅವು ನಿನ್ನೆ ಮೊನ್ನೆ ಸೇರಿದವೂ ಅಲ್ಲ. 2ನೇ ಶತಮಾನದ ಕೊನೆಗೇ ಐರೇನಿಯಸ್ ಎಂಬ ಬಿಷಪ್ 19ನೇ ವಚನವನ್ನು ಉದ್ಧರಿಸಿದ್ದಾನೆ. ಎರಡೂ ಸಂಗತಿ ಓದುಗರಿಗೆ ತಿಳಿಯಲಿ ಎಂದು ಹಲವು ಮುದ್ರಣಗಳಲ್ಲಿ ಕಂಸ ಅಥವಾ ಅಡಿಟಿಪ್ಪಣಿ ಹಾಕುತ್ತಾರೆ. ಯೋಹಾನ 7:53ರಿಂದ 8:11ರವರೆಗಿನ ವ್ಯಭಿಚಾರದ ಹೆಂಗಸಿನ ಪ್ರಸಂಗದ್ದೂ ಇಂಥದ್ದೇ ಕಥೆ. 1 ಯೋಹಾನ 5:7ರಲ್ಲಿ ಪರಲೋಕದ ಮೂವರು ಸಾಕ್ಷಿಗಳ ಮಾತನ್ನು ಎರಾಸ್ಮಸ್ ಎಂಬ ಪಂಡಿತ ತನ್ನ 1516, 1519ರ ಗ್ರೀಕ್ ಮುದ್ರಣಗಳಲ್ಲಿ ಬಿಟ್ಟಿದ್ದ, ಒತ್ತಡ ಬಂದು 1522ರಲ್ಲಿ ಸೇರಿಸಿದ.

ಕಂಸ ತೆಗೆದರೂ ಇಟ್ಟರೂ ಪುನರುತ್ಥಾನಕ್ಕೆ ಧಕ್ಕೆಯಿಲ್ಲ. “ಆತನು ಎದ್ದಿದ್ದಾನೆ, ಇಲ್ಲಿಲ್ಲ” ಎಂಬ ಮಾತು ಕಂಸದ ಹೊರಗೆ, 6ನೇ ವಚನದಲ್ಲೇ ಇದೆ. ಕಷ್ಟವಾಗುವುದು 18ನೇ ವಚನ ಹಿಡಿದು ಹಾವು ಎತ್ತಲು ಹೊರಟವರಿಗೆ.

ಆ ಹುಡುಗಿಗೆ ಇದನ್ನೆಲ್ಲ ಹೇಳಿ, ಮುಚ್ಚಿಡಬೇಡಿ. ಬೈಬಲ್ ಕಟ್ಟುಹಾಕಿಸಿಕೊಂಡೇ ಆಕಾಶದಿಂದ ಇಳಿಯಿತು ಎಂಬ ಹಾಗೆ ಕಲಿತ ಮಕ್ಕಳು ಮುಂದೆ ಬೆಂಗಳೂರಿನ ಹಾಸ್ಟೆಲಿನಲ್ಲಿ ಕೂತು ಒಂದು ಯೂಟ್ಯೂಬ್ ವಿಡಿಯೋ ನೋಡಿದರೆ ಸಾಕು, “ನಮಗೆ ಸುಳ್ಳು ಹೇಳಿದರು” ಎನ್ನುತ್ತಾರೆ. ಹಸ್ತಪ್ರತಿಯ ಸುದ್ದಿಗಿಂತ ಶಿಕ್ಷಕರು ಮುಚ್ಚಿಟ್ಟರು ಎಂಬ ಭಾವನೆಯೇ ಹೆಚ್ಚು ಹಾನಿ ಮಾಡುತ್ತದೆ.

ಮೋಶೆಯ ಐದು ಪುಸ್ತಕಗಳನ್ನು ನಾಲ್ಕು ಬೇರೆ ಬೇರೆ ಕೈಗಳು ಬರೆದವು ಎಂದು ಓದಿದೆ. ಅದು ನಿಜವಾದರೆ ಆದಿಕಾಂಡ ಬರೀ ಕಟ್ಟುಕಥೆಯೇ?
— ಬಿ.ಎ. ವಿದ್ಯಾರ್ಥಿ, ಗಂಗಾವತಿ

ನೀವು ಓದಿದ್ದು ಜರ್ಮನ್ ವಿದ್ವಾಂಸ ವೆಲ್‌ಹೌಸನ್ 1878ರಲ್ಲಿ ಗಟ್ಟಿ ರೂಪ ಕೊಟ್ಟ ವಾದ. ಜೆ, ಇ, ಡಿ, ಪಿ ಎಂಬ ನಾಲ್ಕು ಮೂಲಗಳನ್ನು ಶತಮಾನಗಳ ಅವಧಿಯಲ್ಲಿ ಹೊಲಿದು ಐದು ಪುಸ್ತಕವಾಯಿತು ಎನ್ನುತ್ತದೆ ಅದು. ಅದಕ್ಕೆ ಆಧಾರ ಹುಡುಕಲು ಗ್ರಂಥಾಲಯಕ್ಕೆ ಹೋಗಬೇಕಿಲ್ಲ, ನಿಮ್ಮ ಸತ್ಯವೇದ ತೆಗೆಯಿರಿ. ಆದಿಕಾಂಡ 1ರಲ್ಲಿ ‘ದೇವರು’ ಎಂದೇ ಇದೆ. 2:4ರಿಂದ ‘ಯೆಹೋವದೇವರು’. ಒಂದನೇ ಅಧ್ಯಾಯದಲ್ಲಿ ಗಿಡಮರ, ಪ್ರಾಣಿ, ಆಮೇಲೆ ಮನುಷ್ಯ. ಎರಡರಲ್ಲಿ ಮನುಷ್ಯ ಮೊದಲು ಬರುತ್ತಾನೆ. ಜಲಪ್ರಳಯಕ್ಕೆ ಬನ್ನಿ: 6:19ರಲ್ಲಿ ಪ್ರಾಣಿಗಳು ಎರಡೆರಡು, 7:2ರಲ್ಲಿ ಶುದ್ಧವಾದವು ಏಳೇಳು. 7:17ರಲ್ಲಿ 40 ದಿನ, 7:24ರಲ್ಲಿ 150 ದಿನ. ಸಂಪ್ರದಾಯಸ್ಥರಲ್ಲಿ ಇದಕ್ಕೆ ಉತ್ತರಗಳಿವೆ. ಎರಡನೇ ಅಧ್ಯಾಯ ತೋಟದ ಮೇಲೆ ಕಣ್ಣಿಟ್ಟು ಹೇಳಿದ್ದು, 40 ದಿನ ಮಳೆಯದ್ದು, 150 ದಿನ ನೀರು ನಿಂತದ್ದು. ಕೆಲವು ಉತ್ತರ ಗಟ್ಟಿ, ಕೆಲವು ತೇಪೆ. ತೇಪೆಯನ್ನು ಗಟ್ಟಿ ಎಂದು ಸಾಧಿಸಲು ಹೋಗುವ ಬೋಧಕರಿಂದಲೇ ನಿಮ್ಮಂಥ ಹುಡುಗರು ದೂರ ಸರಿಯುವುದು.

ಧರ್ಮೋಪದೇಶಕಾಂಡ 34ರಲ್ಲಿ ಮೋಶೆಯ ಮರಣವೇ ವರ್ಣಿತವಾಗಿದೆ. ಕೊನೆಯ ಎಂಟು ವಚನ ಯೆಹೋಶುವ ಬರೆದದ್ದು ಎಂದು ಯೆಹೂದ್ಯ ಗುರುಗಳು ತಾಲ್ಮುದ್ ಕಾಲದಲ್ಲೇ ಹೇಳಿದ್ದರು. ಅವರನ್ನು ಲಿಬರಲ್ ಎಂದವರಿಲ್ಲ. ಲೂಕ ತನ್ನ ಸುವಾರ್ತೆಯ ಮೊದಲ ನಾಲ್ಕು ವಚನದಲ್ಲಿ, ತನಗಿಂತ ಮುಂಚೆ ಅನೇಕರು ಬರೆದಿದ್ದಾರೆ, ತಾನು ಎಲ್ಲವನ್ನೂ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎನ್ನುತ್ತಾನೆ. ಮೂಲಗಳನ್ನು ಬಳಸಿ ಬರೆದದ್ದಕ್ಕೂ ದೈವಪ್ರೇರಣೆಗೂ ವೈರವಿಲ್ಲ. ಹಾಗಂತ ಮೋಶೆಗೂ ಈ ಪುಸ್ತಕಗಳಿಗೂ ಸಂಬಂಧವೇ ಇಲ್ಲ ಎನ್ನುವುದು ಕ್ರೈಸ್ತನಿಗೆ ಅಷ್ಟು ಸಲೀಸಲ್ಲ, ಯೋಹಾನ 5:46ರಲ್ಲಿ ಯೇಸುವೇ ಮೋಶೆ ತನ್ನ ವಿಷಯವಾಗಿ ಬರೆದನು ಎನ್ನುತ್ತಾನೆ.

ಜಿಗಿತ ನಡೆಯುವುದು ಮುಂದಿನ ಹೆಜ್ಜೆಯಲ್ಲಿ. “ಹಲವು ಕೈಗಳಿವೆ” ಎಂಬಲ್ಲಿಂದ “ದೇವರು ಮಾತಾಡಿಯೇ ಇಲ್ಲ, ಒಂದು ಜನಾಂಗದ ಧರ್ಮ ತಾನಾಗಿ ಬೆಳೆದ ಚರಿತ್ರೆ ಇಷ್ಟೇ” ಎಂಬಲ್ಲಿಗೆ ಹೋಗುವುದಕ್ಕೆ ಹಸ್ತಪ್ರತಿ ಆಧಾರವೂ ಇಲ್ಲ, ಶಾಸನ ಆಧಾರವೂ ಇಲ್ಲ. ಅದು ಓದುವ ಮುಂಚೆಯೇ ತಲೆಯಲ್ಲಿದ್ದ ತೀರ್ಮಾನ. ಇನ್ನೊಂದು ಸಂಗತಿ: ನಿಮ್ಮ ಪಠ್ಯ ನಾಲ್ಕು ಮೂಲಗಳನ್ನು ಖಚಿತ ವಿಜ್ಞಾನದ ಹಾಗೆ ಬರೆದಿದ್ದರೆ ಅದು ಹಳೆಯದಾಗಿದೆ. 1970ರ ದಶಕದಿಂದ ವಿಮರ್ಶಕರೊಳಗೇ ಒಮ್ಮತ ಮುರಿದಿದೆ, ‘ಇ’ ಎಂಬ ಮೂಲ ಪ್ರತ್ಯೇಕವಾಗಿ ಇತ್ತೇ ಎಂದೇ ಬಹಳ ಮಂದಿ ಕೇಳುತ್ತಿದ್ದಾರೆ. ವೆಲ್‌ಹೌಸನ್‌ಗೆ ಒಂದು ಗೌರವ ಸಲ್ಲಬೇಕು. ತನ್ನ ಪಾಠ ಕೇಳಿದವರು ಸಭೆಯ ಸೇವೆಗೆ ತಯಾರಾಗುತ್ತಿಲ್ಲ ಅನಿಸಿದಾಗ ಆತ 1882ರಲ್ಲಿ ದೈವಶಾಸ್ತ್ರದ ಪ್ರಾಧ್ಯಾಪಕ ಹುದ್ದೆಯನ್ನೇ ಬಿಟ್ಟ. ಅಷ್ಟು ಪ್ರಾಮಾಣಿಕತೆ ಆಮೇಲಿನವರಲ್ಲಿ ಅಪರೂಪ.

ನಾವು ಕಥೋಲಿಕರು. ಇದು ಪ್ರೊಟೆಸ್ಟಂಟರ ಮನೆಜಗಳ ತಾನೇ?
— ಓದುಗರು, ಮುದಗಲ್

ಅಲ್ಲ ತಾಯಿ. ನಿಮ್ಮಲ್ಲಿ ಅದಕ್ಕೆ ‘ಮಾಡರ್ನಿಸಂ’ ಎಂದು ಹೆಸರು. 1907ರ ಜುಲೈನಲ್ಲಿ ರೋಮ್ ಅದರ 65 ಹೇಳಿಕೆಗಳನ್ನು ಖಂಡಿಸಿತು, ಸೆಪ್ಟೆಂಬರಿನಲ್ಲಿ ಪೋಪ್ ಹತ್ತನೇ ಪಿಯುಸ್ ಅದರ ವಿರುದ್ಧ ವಿಶ್ವಪತ್ರವನ್ನೇ ಹೊರಡಿಸಿದರು. 1910ರಿಂದ 1967ರವರೆಗೆ ಗುರುಗಳಾಗುವವರು ಅದರ ವಿರುದ್ಧ ಪ್ರಮಾಣ ಮಾಡಬೇಕಿತ್ತು. ಅಂದರೆ 1949ರಲ್ಲಿ ಬಳ್ಳಾರಿ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಅದು ಜಾರಿಯಲ್ಲೇ ಇತ್ತು. ಆ ಕಾಲದಲ್ಲಿ ಬಿಗಿ ಅತಿಯಾಯಿತು, ನಿಷ್ಠೆಯಿಂದ ಓದುತ್ತಿದ್ದ ಪಂಡಿತರ ಮೇಲೂ ಗುಮಾನಿ ಬಿತ್ತು. 1943ರಲ್ಲಿ ಹನ್ನೆರಡನೇ ಪಿಯುಸ್ ಬೈಬಲಿನ ಸಾಹಿತ್ಯಪ್ರಕಾರಗಳ ಅಧ್ಯಯನಕ್ಕೆ ಬಾಗಿಲು ತೆರೆದರು. ಎರಡನೇ ವ್ಯಾಟಿಕನ್ ಸಮ್ಮೇಳನದ 1965ರ ದಾಖಲೆ ಒಂದು ಕಡೆ ಆ ಅಧ್ಯಯನವನ್ನು ಒಪ್ಪಿತು, ಇನ್ನೊಂದು ಕಡೆ 19ನೇ ಪರಿಚ್ಛೇದದಲ್ಲಿ ನಾಲ್ಕೂ ಶುಭಸಂದೇಶಗಳು ಚಾರಿತ್ರಿಕ ಎಂದು ಸಂಶಯವಿಲ್ಲದೆ ಹೇಳಿತು. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವವರು ಎರಡೂ ಕಡೆ ಇದ್ದಾರೆ.

ನಮ್ಮ ಪಾಸ್ಟರ್ ಗಣಿ ಕೂಲಿಗಳ ಬಗ್ಗೆ, ಜಾತಿ ಬಗ್ಗೆ ಬೋಧಿಸುತ್ತಾರೆ. ಕಮಿಟಿಯವರು ಅವರನ್ನು ಲಿಬರಲ್ ಅನ್ನುತ್ತಿದ್ದಾರೆ.
— ಓದುಗರು, ಸಂಡೂರು

ಕಮಿಟಿಯವರು ಆಮೋಸ 5:24 ಮತ್ತು ಯಾಕೋಬ 5:4 ಓದಲಿ. ಕೂಲಿ ಹಿಡಿದಿಟ್ಟವರಿಗೆ ಯಾಕೋಬ ಕೊಟ್ಟ ಏಟು ಯಾವ ಪಾಸ್ಟರೂ ಕೊಡಲಾರ. 20ನೇ ಶತಮಾನದ ಮೊದಲಿಗೆ ಅಮೆರಿಕದ ಲಿಬರಲ್‌ಗಳು ಸಾಮಾಜಿಕ ಸುವಾರ್ತೆ ಎಂದು ಎದ್ದದ್ದು ನಿಜ. ಅದಕ್ಕೆ ಬೆದರಿ ಸಂಪ್ರದಾಯಸ್ಥರು ಆ ಹೊಲವನ್ನೇ ಬಿಟ್ಟುಕೊಟ್ಟರು, ಅದು ಅವರ ತಪ್ಪು. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಸೇರಿದ ಇವ್ಯಾಂಜೆಲಿಕಲ್ (ಬೈಬಲಿಗೂ ಸುವಾರ್ತೆ ಸಾರುವುದಕ್ಕೂ ಒತ್ತು ಕೊಡುವ ಪ್ರೊಟೆಸ್ಟಂಟರ) ಸಮಾವೇಶ ಆ ನಿರ್ಲಕ್ಷ್ಯಕ್ಕೆ ಪಶ್ಚಾತ್ತಾಪಪಟ್ಟು ಲಿಖಿತವಾಗಿ ಒಪ್ಪಿಕೊಂಡಿದೆ. ನಿಮ್ಮ ಪಾಸ್ಟರ್ ಶಿಲುಬೆಯನ್ನೂ ಪುನರುತ್ಥಾನವನ್ನೂ ಸಾರುತ್ತಿದ್ದರೆ ಅವರು ಲಿಬರಲ್ ಅಲ್ಲ, ಬೈಬಲನ್ನು ಪೂರ್ತಿ ಓದಿದವರು.

ವಿಜ್ಞಾನದ ಕಾಲದಲ್ಲಿ ಅದ್ಭುತಗಳನ್ನು ಬಿಟ್ಟು ನೀತಿಯನ್ನು ಉಳಿಸಿಕೊಳ್ಳುವುದೇ ಪ್ರಾಮಾಣಿಕವಲ್ಲವೇ? ಬೇರೆ ಧರ್ಮದವರ ಜೊತೆ ಸೌಹಾರ್ದಕ್ಕೂ ಅದೇ ಒಳ್ಳೆಯದು.
— ನಿವೃತ್ತ ಉಪನ್ಯಾಸಕರು, ಬಳ್ಳಾರಿ

ಸರ್, ನಿಮ್ಮ ಮಾತನ್ನು 1941ರಲ್ಲಿ ಜರ್ಮನ್ ದೈವಶಾಸ್ತ್ರಜ್ಞ ಬುಲ್ಟ್‌ಮನ್ ಇನ್ನೂ ಚೂಪಾಗಿ ಹೇಳಿದ್ದ: ವಿದ್ಯುದ್ದೀಪ, ರೇಡಿಯೋ ಬಳಸುವವನು, ಕಾಯಿಲೆಗೆ ಆಧುನಿಕ ಔಷಧ ತೆಗೆದುಕೊಳ್ಳುವವನು ಹೊಸ ಒಡಂಬಡಿಕೆಯ ದೆವ್ವ, ಅದ್ಭುತಗಳ ಲೋಕವನ್ನು ನಂಬಲಾರ ಎಂದು. ಶಕ್ತಿನಗರದ ಕರೆಂಟು ಉರಿಸಿಕೊಂಡು, ದೊಡ್ಡಾಸ್ಪತ್ರೆಯಲ್ಲಿ ಚೀಟಿ ಬರೆಸಿಕೊಂಡು, ಸಂಜೆ ಪ್ರಾರ್ಥನೆಗೆ ಬರುವ ನಮ್ಮ ಜನಕ್ಕೆ ಈ ಇಕ್ಕಟ್ಟು ಕಂಡೇ ಇಲ್ಲ. ಪ್ರಕೃತಿನಿಯಮ ಎಂದಿನಂತೆ ನಡೆಯುತ್ತದೆ ಎಂದು ವಿಜ್ಞಾನ ಹೇಳುತ್ತದೆ. ನಿಯಮ ಇಟ್ಟವನು ಕೈ ಹಾಕಲೇ ಆರ ಎಂಬುದು ಪ್ರಯೋಗಶಾಲೆಯಿಂದ ಬಂದ ಮಾತಲ್ಲ, ಅದು ತತ್ತ್ವಶಾಸ್ತ್ರ.

ಅದ್ಭುತ ಬಿಟ್ಟು ನೀತಿ ಉಳಿಸುವ ಪ್ರಯತ್ನ ಎಲ್ಲಿಗೆ ಮುಟ್ಟಿತು ಎಂಬುದನ್ನು ಲಿಬರಲ್‌ಗಳ ನಡುವೆಯೇ ಇದ್ದ ಶ್ವೈಟ್ಸರ್ 1906ರಲ್ಲಿ ತೋರಿಸಿಕೊಟ್ಟ. ನೂರಿಪ್ಪತ್ತು ವರ್ಷ ‘ಚಾರಿತ್ರಿಕ ಯೇಸು’ವನ್ನು ಹುಡುಕಿದ ಪಂಡಿತರು ಒಬ್ಬೊಬ್ಬರೂ ತಮ್ಮ ತಮ್ಮ ಕಾಲದ ಸಜ್ಜನನನ್ನೇ ಅಲ್ಲಿ ಕಂಡಿದ್ದರು. 1914ರಲ್ಲಿ ಜರ್ಮನ್ ಚಕ್ರವರ್ತಿ ಕೈಸರನ ಯುದ್ಧವನ್ನು ಸಮರ್ಥಿಸಿ 93 ಜರ್ಮನ್ ಬುದ್ಧಿಜೀವಿಗಳು ಹೇಳಿಕೆ ಕೊಟ್ಟರು. ಅದರಲ್ಲಿ ತನ್ನ ಗುರು ಹಾರ್ನಾಕ್‌ರ ಸಹಿ ಕಂಡು ದೈವಶಾಸ್ತ್ರಜ್ಞ ಕಾರ್ಲ್ ಬಾರ್ತ್‌ಗೆ ಲಿಬರಲ್ ನೀತಿಯ ಮೇಲಿದ್ದ ನಂಬಿಕೆಯೇ ಹೋಯಿತು. ಮೇಲಿನಿಂದ ಬಂದ ಮಾತು ಇಲ್ಲದ ಮೇಲೆ ನೀತಿಯೂ ರಾಜನ ಹಿಂದೆ ಹೋಗುತ್ತದೆ ಎಂದು ಆತ ಕಂಡುಕೊಂಡ.

ನಮ್ಮ ದೇಶದಲ್ಲಿ ನಿಮ್ಮ ವಾದವನ್ನು ಮೊದಲು ಮಾಡಿದವರು ರಾಜಾ ರಾಮಮೋಹನ ರಾಯ್. 1820ರಲ್ಲಿ ಅದ್ಭುತ, ಸಿದ್ಧಾಂತ ಬಿಟ್ಟು ಯೇಸುವಿನ ಉಪದೇಶಗಳನ್ನಷ್ಟೇ ಆರಿಸಿ ಪ್ರಕಟಿಸಿದರು. ಶಿಲುಬೆಯ ಪ್ರಾಯಶ್ಚಿತ್ತವಿಲ್ಲದ ಉಪದೇಶ ಸುವಾರ್ತೆಯಲ್ಲ ಎಂದು ಸೆರಾಂಪುರದ ಮಿಷನರಿ ಮಾರ್ಷ್‌ಮನ್ ವಾದಕ್ಕಿಳಿದರು. ಇಬ್ಬರೂ ಮುಚ್ಚುಮರೆ ಮಾಡಲಿಲ್ಲ. ಇನ್ನು ಸೌಹಾರ್ದ: ಮುದಗಲ್ಲಿನ ಮೊಹರಂಗೆ ಹಿಂದೂಗಳೂ ಸೇರುತ್ತಾರೆ, ಯಾರೂ ತಮ್ಮ ಶ್ರದ್ಧೆಯನ್ನು ತೆಳು ಮಾಡಿಕೊಂಡು ಬರುವುದಿಲ್ಲ.

ಬಳ್ಳಾರಿಗೆ ಬಂದ ಮೊದಲ ಮಿಷನರಿಗಳು ಯಾವ ಪಂಗಡದವರು?
— ಓದುಗರು, ಸಿರುಗುಪ್ಪ

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. ಅವರು ಅಪ್ಪಟ ಇವ್ಯಾಂಜೆಲಿಕಲ್. ಅದೇ ಸೊಸೈಟಿಯಿಂದ ಸುಮಾರು ನೂರು ವರ್ಷದ ಮೇಲೆ ಬಳ್ಳಾರಿಯಲ್ಲಿ ದುಡಿದ ಬರ್ನಾರ್ಡ್ ಲ್ಯೂಕಸ್, ಹಿಂದೂಗಳನ್ನು ಮತಾಂತರಿಸುವ ಬದಲು ಭಾರತದ ಬದುಕಿನೊಳಗೆ ಕ್ರಿಸ್ತನ ಭಾವ ಹರಡಲಿ ಎಂದು 1907ರಲ್ಲೇ ಬರೆದರು. ಒಂದೇ ಮಿಷನ್ನಿನೊಳಗೆ ಗಾಳಿ ಎಷ್ಟು ತಿರುಗಿತ್ತು ನೋಡಿ.

ಇಂಥ ಬೋಧನೆ ಕೇಳಿದ ಮೇಲೆ ಸಭೆ ಬಿಡಬೇಕೇ?
— ಓದುಗರು, ಕೊಪ್ಪಳ

ಒಂದು ಬೋಧನೆಗೆ ಬಿಡಬೇಡಿ. ಅಮೆರಿಕದಲ್ಲಿ ಮೇಚನ್ ಎಂಬ ವಿದ್ವಾಂಸ 1923ರಲ್ಲಿ ಲಿಬರಲಿಸಂ ಬೇರೆಯೇ ಒಂದು ಧರ್ಮ ಎಂದು ಬರೆದರೂ ತನ್ನ ಪ್ರೆಸ್ಬಿಟೇರಿಯನ್ ಸಭೆಯೊಳಗೇ ಇದ್ದು ವಾದಿಸಿದ, ಹೊರಗೆ ಬಂದದ್ದು 1936ರಲ್ಲಿ. ಹಾಗೆ ಒಡೆದ ಸಭೆಗಳು ಆಮೇಲೆ ಸಣ್ಣ ಸಣ್ಣ ಕಾರಣಕ್ಕೂ ಒಡೆದವು ಎಂಬುದನ್ನೂ ನೆನಪಿಡಿ.

ನಿಮ್ಮ ಸಭೆ ಯಾವುದಕ್ಕೆ ಸಹಿ ಹಾಕಿದೆ ನೋಡಿ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆದರೆ ಅಪೊಸ್ತಲರ ಮತ್ತು ನಿಸೇಯ ವಿಶ್ವಾಸಪ್ರಮಾಣ ಎರಡನ್ನೂ ಅದರ ಸಂವಿಧಾನ ಒಪ್ಪಿದೆ. ಮೆಥೊಡಿಸ್ಟ್ ಆದರೆ 25 ವಿಧಿಗಳಿವೆ, ಕ್ರಿಸ್ತನು ನಿಜವಾಗಿ ಸತ್ತವರೊಳಗಿಂದ ಎದ್ದು ತನ್ನ ದೇಹವನ್ನು ಮತ್ತೆ ಧರಿಸಿದನು ಎಂದು 3ನೇ ವಿಧಿ ಹೇಳುತ್ತದೆ. ಆ ಸಾಲು, ಬೋಧಕರು ಆಡಿದ ಮಾತು, ತಾರೀಖು, ಮೂರನ್ನೂ ಅರ್ಧ ಪುಟದಲ್ಲಿ ಬರೆದು ಮೊದಲು ಬೋಧಕರ ಕೈಗೆ ಕೊಡಿ. ಎದುರು ಕೂತು ಮಾತಾಡಿದ ಮೇಲೂ ಅವರು ಅದೇ ಮಾತಿಗೆ ನಿಂತರೆ ಆ ಕಾಗದವನ್ನು ಪಾಸ್ಟರೇಟ್ ಕಮಿಟಿಗೆ, ಅಲ್ಲಿಂದ ಜಿಲ್ಲಾ ಮೇಲ್ವಿಚಾರಕರಿಗೆ ಅಥವಾ ಬಿಷಪ್ಪರಿಗೆ ಕಳಿಸಿ. ವಾಟ್ಸಾಪ್ ಗುಂಪಿಗೆ ಅರ್ಧ ನಿಮಿಷದ ತುಣುಕು ಹಾಕಬೇಡಿ. ಹಾಕಿದರೆ ವಿಚಾರಣೆ ಪುನರುತ್ಥಾನದ ಮೇಲೆ ನಡೆಯುವುದಿಲ್ಲ, ತುಣುಕು ಹಾಕಿದವರು ಯಾರು ಎಂಬುದರ ಮೇಲೆ ನಡೆಯುತ್ತದೆ.